ಗುಲಾಮಗಿರಿ ಬೇಡ ಅಂದವರೆಲ್ಲ ಒಂದೇ ಕಾರಣಕ್ಕೆ ಬೇಡ ಅನ್ನಲಿಲ್ಲ

1857ರ ನವೆಂಬರ್ 9. ಅಮೆರಿಕದ ಪಶ್ಚಿಮ ತುದಿಯ ಆರೆಗಾನ್‌ನಲ್ಲಿ ಜನ ಓಟು ಹಾಕಿದರು. ಅದು ಹೊಸ ರಾಜ್ಯ ಆಗಬೇಕಿತ್ತು. ಸಂವಿಧಾನ ಬರೆದು ಜನರ ಮುಂದೆ ಇಟ್ಟಿದ್ದರು, ಜೊತೆಗೆ ಎರಡು ಪ್ರಶ್ನೆಗಳನ್ನು ಬೇರೆಯಾಗಿ ಕೇಳಿದ್ದರು. ಮೊದಲನೆಯದು, ನಮ್ಮ ರಾಜ್ಯದಲ್ಲಿ ಗುಲಾಮಗಿರಿ ಇರಬೇಕಾ? 7,727 ಜನ ಬೇಡ ಅಂದರು, 2,645 ಜನ ಬೇಕು ಅಂದರು. ಎರಡನೆಯದು, ಗುಲಾಮರಲ್ಲದ ಸ್ವತಂತ್ರ ಕಪ್ಪು ಜನ ಇಲ್ಲಿಗೆ ಬಂದು ನೆಲೆಸಬಹುದಾ? 8,640 ಜನ ಬೇಡ ಅಂದರು. ಬರಲಿ ಬಿಡಿ ಅಂದವರು 1,081 ಜನ ಮಾತ್ರ.

ಎರಡನೆಯ 'ಬೇಡ' ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಓಟು ಹಾಕಿದ್ದು ಅದೇ ಜನ, ಅದೇ ದಿನ. ಎಲ್ಲರೂ ಬಿಳಿ ಗಂಡಸರು, ಬೇರೆ ಯಾರಿಗೂ ಓಟು ಇರಲಿಲ್ಲ. ಗುಲಾಮಗಿರಿ ಬೇಡ ಅಂದ ಕೈಯೇ ಕಪ್ಪು ಮನುಷ್ಯ ನಮ್ಮ ಪಕ್ಕದಲ್ಲಿ ಇರುವುದೂ ಬೇಡ ಅಂತ ಬರೆಯಿತು. ಆ ಕಲಮು ಆರೆಗಾನ್ ಸಂವಿಧಾನದಿಂದ ಹೋಗಿದ್ದು 1926ರಲ್ಲಿ.

ಶಾಲೆಯಲ್ಲಿ ನಾವು ಈ ಇತಿಹಾಸವನ್ನು ನಾಲ್ಕು ಸಾಲಿನಲ್ಲಿ ಓದಿ ಮುಗಿಸಿದ್ದೆವು. ಉತ್ತರದವರು ವಿರೋಧ. ದಕ್ಷಿಣದವರು ಪರ. ಯುದ್ಧ ಆಯಿತು. ಅಧ್ಯಕ್ಷ ಲಿಂಕನ್ ಗುಲಾಮರನ್ನು ಬಿಡಿಸಿದರು. ಅದೇನೂ ಸುಳ್ಳಲ್ಲ, ಆದರೆ ಅಷ್ಟನ್ನೇ ಹಿಡಿದುಕೊಂಡು ಕೂತರೆ ಮುಂದಿನದ್ದು ಯಾವುದೂ ಅರ್ಥ ಆಗುವುದಿಲ್ಲ. ಬಿಡುಗಡೆ ಆಗಿ ನೂರು ವರ್ಷ ಕಳೆದ ಮೇಲೂ ಬಸ್ಸಿನ ಸೀಟಿಗೆ, ಓಟಿನ ಹಕ್ಕಿಗೆ ಕಪ್ಪು ಜನ ಯಾಕೆ ಬೀದಿಗಿಳಿಯಬೇಕಾಯಿತು ಅನ್ನುವುದಂತೂ ಅರ್ಥವೇ ಆಗುವುದಿಲ್ಲ. ಯಾರು ವಿರೋಧಿಸಿದರು ಅಂತ ಕೇಳುವುದಕ್ಕಿಂತ ಯಾಕೆ ವಿರೋಧಿಸಿದರು ಅಂತ ಕೇಳಿದರೆ ಜಾಸ್ತಿ ತಿಳಿಯುತ್ತದೆ ಅಂತ ನನಗೆ ಅನ್ನಿಸುತ್ತದೆ. ಯಾರು ಯಾವ ಕಾರಣಕ್ಕೆ ವಿರೋಧಿಸಿದ್ದರೋ, ಬಿಡುಗಡೆ ಆದ ಮೇಲೆ ಅವರು ಅಲ್ಲಿಗೇ ನಿಂತುಬಿಟ್ಟರು.

ಸ್ವಲ್ಪ ಹಿಂದಿನಿಂದ ಬರೋಣ. 1619ರಲ್ಲಿ ವರ್ಜೀನಿಯಾದ ತೀರಕ್ಕೆ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಹಡಗಿನಲ್ಲಿ ತಂದು ಮಾರಿದರು. 1662ರಲ್ಲಿ ಅದೇ ವರ್ಜೀನಿಯಾ ಒಂದು ಕಾನೂನು ಮಾಡಿತು: ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತಂದೆ ಯಾರಾದರೂ ಸರಿ, ಒಡೆಯನೇ ಆದರೂ ಸರಿ. ಈ ಒಂದು ಸಾಲಿನ ಕ್ರೌರ್ಯ ಎಷ್ಟು ಅಂತ ಸುಮ್ನೆ ಯೋಚಿಸಿ ನೋಡಿ. ಒಡೆಯ ಮಾಡಿದ ಅತ್ಯಾಚಾರದಿಂದ ಹುಟ್ಟಿದ ಮಗು ಅವನದೇ ಆಸ್ತಿ ಪಟ್ಟಿಗೆ ಸೇರುತ್ತಿತ್ತು.

ವಿರೋಧವೂ ತಡವಾಗಿ ಹುಟ್ಟಿದ್ದಲ್ಲ. 1688ರಲ್ಲೇ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಅನ್ನುವ ಊರಿನ ನಾಲ್ವರು ಒಂದು ಮನವಿ ಬರೆದರು. ಅವರು ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರ ಜೊತೆ ಇದ್ದವರು. ನಿಮಗೆ ಹೀಗೆ ಮಾಡಿದರೆ ನೀವು ಒಪ್ಪುತ್ತೀರಾ ಅಂತ ನೇರವಾಗಿ ಕೇಳಿದ್ದರು. ಪಂಥದ ಹಿರಿಯರು ಅದನ್ನು ಒಂದು ಸಭೆಯಿಂದ ಇನ್ನೊಂದು ಸಭೆಗೆ ದಾಟಿಸಿ ಕೊನೆಗೆ ಮೂಲೆಗಿಟ್ಟರು. ಅವರಲ್ಲೂ ಗುಲಾಮರನ್ನು ಇಟ್ಟುಕೊಂಡವರಿದ್ದರಲ್ಲ! ನಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಫಿಲಡೆಲ್ಫಿಯಾದ ಕ್ವೇಕರರು ನಿಯಮ ಮಾಡಿದ್ದು 1776ರಲ್ಲಿ. ಹತ್ತಿರ ಹತ್ತಿರ ತೊಂಬತ್ತು ವರ್ಷ ಬೇಕಾಯಿತು, ಅದೂ ಅವತ್ತು ಎಲ್ಲರಿಗಿಂತ ಮುಂದೆ ಯೋಚಿಸುತ್ತಿದ್ದ ಜನಕ್ಕೆ.

ಉತ್ತರದಲ್ಲೂ ಗುಲಾಮಗಿರಿ ಇತ್ತು ಅನ್ನುವುದನ್ನು ನಾವು ಮರೆತೇ ಬಿಡುತ್ತೇವೆ. ನ್ಯೂಯಾರ್ಕ್‌ನಲ್ಲಿ ಇತ್ತು, ಮ್ಯಾಸಚೂಸೆಟ್ಸ್‌ನಲ್ಲೂ ಇತ್ತು. 1781ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಬೆಟ್ ಅನ್ನುವ ಗುಲಾಮ ಹೆಂಗಸು ಕೋರ್ಟಿಗೆ ಹೋದಳು. ರಾಜ್ಯದ ಹೊಸ ಸಂವಿಧಾನದಲ್ಲಿ ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಅಂತ ಬರೆದಿದ್ದಾರಲ್ಲ, ಹಾಗಾದರೆ ನಾನು ಹೇಗೆ ಗುಲಾಮಳು ಅನ್ನುವುದು ಅವಳ ವಾದ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಬೇರೆಯವರು ಮಾತಾಡಿದ್ದನ್ನು ಕೇಳಿಸಿಕೊಂಡಿದ್ದಳು ಅಷ್ಟೇ. ಗೆದ್ದಳು. ಆಮೇಲೆ ಎಲಿಜಬೆತ್ ಫ್ರೀಮನ್ ಅಂತ ಹೆಸರಿಟ್ಟುಕೊಂಡಳು. ಫ್ರೀಮನ್ ಅಂದರೆ ಸ್ವತಂತ್ರ ಮನುಷ್ಯ. ಆ ಕಾಲದ ದೊಡ್ಡ ದೊಡ್ಡ ನಾಯಕರಿಗಿಂತ ಸಂವಿಧಾನವನ್ನು ಸರಿಯಾಗಿ ಅರ್ಥಮಾಡಿಕೊಂಡವಳು ಅವಳೇ ಅಂತ ನನ್ನ ನಂಬಿಕೆ.

ಬೇರೆ ಕಡೆ ಬಿಡುಗಡೆ ಇಷ್ಟು ಸಲೀಸಾಗಿ ಆಗಲಿಲ್ಲ. ಪೆನ್ಸಿಲ್ವೇನಿಯಾದ 1780ರ ಕಾನೂನು ನೋಡಿ. ಆಗಲೇ ಗುಲಾಮರಾಗಿದ್ದವರಿಗೆ ಬಿಡುಗಡೆ ಇಲ್ಲ. ಆ ಕಾನೂನು ಬಂದ ಮೇಲೆ ಹುಟ್ಟುವ ಮಕ್ಕಳಿಗೆ ಮಾತ್ರ ಬಿಡುಗಡೆ, ಅದೂ 28 ವರ್ಷ ತುಂಬುವವರೆಗೆ ತಾಯಿಯ ಒಡೆಯನಿಗೆ ದುಡಿದ ಮೇಲೆ. ಅಂದರೆ ಒಡೆಯನಿಗೆ ನಷ್ಟ ಆಗಬಾರದು, ಕಾನೂನು ಮಾಡಿದವರಿಗೆ ಪಾಪ ತಟ್ಟಬಾರದು, ಎರಡರ ಖರ್ಚೂ ಆ ಮಗುವಿನ ತಲೆ ಮೇಲೆ. ನ್ಯೂಯಾರ್ಕ್ 1799ರಲ್ಲಿ ಇದೇ ದಾರಿ ಹಿಡಿದು 1827ರಲ್ಲಿ ಮುಗಿಸಿತು. ನ್ಯೂಜೆರ್ಸಿ 1804ರಲ್ಲಿ ಶುರು ಮಾಡಿದ್ದು ಎಷ್ಟು ನಿಧಾನ ಅಂದರೆ 1860ರ ಜನಗಣತಿಯಲ್ಲೂ ಅಲ್ಲಿ 18 ಗುಲಾಮರು ಲೆಕ್ಕಕ್ಕೆ ಸಿಕ್ಕಿದ್ದರು.

ಎಲ್ಲ ಮನುಷ್ಯರೂ ಸಮಾನರು ಅಂತ 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದ. ಇದು ತಪ್ಪು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಬರೆದೂ ಇದ್ದಾನೆ. 1820ರ ಒಂದು ಕಾಗದದಲ್ಲಿ, ತೋಳದ ಕಿವಿ ಹಿಡಿದುಕೊಂಡಿದ್ದೇವೆ, ಹಿಡಿದೇ ಇರೋಕೂ ಆಗಲ್ಲ, ಬಿಟ್ಟರೆ ಉಳಿಗಾಲವಿಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ನಾವು ಹುಲಿ ಸವಾರಿ ಅನ್ನುತ್ತೇವಲ್ಲ, ಹಾಗೆ. ತಕ್ಕಡಿಯ ಒಂದು ಕಡೆ ನ್ಯಾಯ, ಇನ್ನೊಂದು ಕಡೆ ನಮ್ಮ ಜೀವ ಅಂತಾನೆ. ಆ 'ನಮ್ಮ' ಅನ್ನುವುದರಲ್ಲಿ ತೂಗಿದ ಕಡೆ ಯಾವುದು ಅಂತ ಗೊತ್ತಾಗುತ್ತದೆ.

ಆಗಿನ ದಕ್ಷಿಣದ ತುಂಬಾ ಜನರ ಧೋರಣೆ ಇದೇ ಆಗಿತ್ತು. ಕೆಟ್ಟದ್ದು ಹೌದು, ಏನು ಮಾಡೋಣ, ತಾನಾಗೇ ಸಾಯುತ್ತದೆ ಬಿಡಿ. ಆದರೆ ಸಾಯಲಿಲ್ಲ, ಹತ್ತಿ ಅದಕ್ಕೆ ಮತ್ತೆ ಜೀವ ಕೊಟ್ಟಿತು.

1793ರಲ್ಲಿ ಎಲಿ ವಿಟ್ನಿ ಹತ್ತಿ ಜಿನ್ ಯಂತ್ರ ಮಾಡಿದ. ಅದಕ್ಕೆ ಮೊದಲು ಗಿಡ್ಡ ಎಳೆಯ ಹತ್ತಿಯಿಂದ ಬೀಜ ಬಿಡಿಸುವುದು ಕೈಕೆಲಸ, ದಿನಪೂರ್ತಿ ಕೂತರೂ ಸ್ವಲ್ಪವೇ ಆಗುತ್ತಿತ್ತು. ಬೀಜ ಬಿಡಿಸುವುದು ಸುಲಭ ಆದಮೇಲೆ ಬೆಳೆಯುವ ಆಸೆ ಜಾಸ್ತಿ ಆಯಿತು. ಬೆಳೆಯೋಕೆ, ಬಿಡಿಸೋಕೆ ಕೈಗಳು ಬೇಕು. 1790ರಲ್ಲಿ ಅಮೆರಿಕದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ಕ್ಕೆ ಸುಮಾರು 40 ಲಕ್ಷ. 1808ರಿಂದ ಆಫ್ರಿಕಾದಿಂದ ಹೊಸಬರನ್ನು ತರುವುದಕ್ಕೆ ನಿಷೇಧ ಇತ್ತು, ಹಾಗಾಗಿ ದೇಶದ ಒಳಗೇ ದೊಡ್ಡ ಮಾರುಕಟ್ಟೆ ಹುಟ್ಟಿತು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಮಿಸಿಸಿಪ್ಪಿ, ಅಲಬಾಮ, ಲೂಸಿಯಾನಾಕ್ಕೆ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು, ಎಷ್ಟೋ ಜನರನ್ನು ಸರಪಳಿ ಹಾಕಿ ನಡೆಸಿಕೊಂಡೇ ಹೋದರು, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೆಲ್ಲೋ.

ಯುದ್ಧದ ಹೊತ್ತಿಗೆ ಅಮೆರಿಕದ ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯೇ. ದುಡ್ಡು ದಕ್ಷಿಣದಲ್ಲಿ ಮಾತ್ರ ಉಳಿಯಲಿಲ್ಲ. ಹತ್ತಿ ಒಯ್ಯುವ ಹಡಗು, ಸಾಲ ಕೊಡುವ ಬ್ಯಾಂಕು, ವಿಮೆ ಹೆಚ್ಚಾಗಿ ನ್ಯೂಯಾರ್ಕಿನವು. ನೂಲಿನ ಗಿರಣಿಗಳು ಮ್ಯಾಸಚೂಸೆಟ್ಸ್‌ನವು. 1861ರ ಜನವರಿಯಲ್ಲಿ ನ್ಯೂಯಾರ್ಕಿನ ಮೇಯರ್ ಫರ್ನಾಂಡೊ ವುಡ್, ದಕ್ಷಿಣದ ಜೊತೆ ವ್ಯಾಪಾರ ಉಳಿಸಿಕೊಳ್ಳೋಕೆ ನಮ್ಮ ನಗರವೇ ದೇಶದಿಂದ ಬೇರೆಯಾಗಲಿ ಅಂತ ಸಲಹೆ ಕೊಟ್ಟಿದ್ದ. ಉತ್ತರದ ದೊಡ್ಡ ನಗರ ಅದು!

ಈ ಹತ್ತಿಯ ದಾರ ನಮ್ಮ ಧಾರವಾಡದವರೆಗೂ ಬರುತ್ತದೆ. ಬ್ರಿಟನ್ನಿನ ಗಿರಣಿಗಳು ಅಮೆರಿಕವನ್ನೇ ನಂಬಿಕೊಂಡಿರಬಾರದು ಅಂತ 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಇಂಡಿಯಾಕ್ಕೆ ಕರೆಸಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿತ್ತು. ಹೆಚ್ಚಿನ ಕಡೆ ಅದು ಕೈಹಿಡಿಯಲಿಲ್ಲ. ಧಾರವಾಡದ ಎರೆ ನೆಲದಲ್ಲಿ ಹಿಡಿಯಿತು, 'ಧಾರವಾಡ-ಅಮೆರಿಕನ್' ಅಂತಲೇ ಆ ಹತ್ತಿಗೆ ಹೆಸರು ಬಂತು. 1861ರಲ್ಲಿ ಯುದ್ಧ ಶುರುವಾಗಿ ಅಮೆರಿಕದ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಹಿಂದೆಂದೂ ಕಾಣದ ರೇಟು. 1865ರಲ್ಲಿ ಯುದ್ಧ ಮುಗಿದಾಗ ರೇಟು ಬಿತ್ತು.

ದುಡ್ಡು ಜಾಸ್ತಿ ಆದ ಹಾಗೆ ದಕ್ಷಿಣದ ಮಾತು ಬದಲಾಯಿತು. 'ಬೇರೆ ದಾರಿ ಇಲ್ಲದ ಕೆಡುಕು' ಅನ್ನುತ್ತಿದ್ದವರು 'ಇದು ಒಳ್ಳೆಯದೇ' ಅನ್ನತೊಡಗಿದರು. 1837ರಲ್ಲಿ ಸೆನೆಟ್‌ನಲ್ಲಿ ನಿಂತು ದಕ್ಷಿಣ ಕ್ಯಾರೊಲಿನಾದ ಜಾನ್ ಕ್ಯಾಲ್ಹೂನ್ ಗುಲಾಮಗಿರಿ ಎರಡೂ ಜನಾಂಗಕ್ಕೆ ಹಿತ ಅಂದ. ಬೈಬಲ್‌ನಿಂದ ಸಾಲು ತೆಗೆದು ತೋರಿಸಿದ ಪಾದ್ರಿಗಳಿದ್ದರು. ಬೇಡ ಅಂದ ಪಾದ್ರಿಗಳೂ ಅದೇ ಬೈಬಲ್ ತೋರಿಸುತ್ತಿದ್ದರು. 1840ರ ದಶಕದಲ್ಲಿ ಮೆಥಡಿಸ್ಟರು, ಬ್ಯಾಪ್ಟಿಸ್ಟರು ಅನ್ನುವ ಎರಡು ಕ್ರೈಸ್ತ ಪಂಥಗಳು ಈ ವಿಷಯಕ್ಕೇ ಉತ್ತರ ದಕ್ಷಿಣ ಅಂತ ಒಡೆದವು. ದಕ್ಷಿಣದ ಬ್ಯಾಪ್ಟಿಸ್ಟ್ ಸಂಘಟನೆ ಕ್ಷಮೆ ಕೇಳಿದ್ದು 1995ರಲ್ಲಿ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ದಕ್ಷಿಣದ ಬಿಳಿಯರಲ್ಲಿ ಹೆಚ್ಚಿನ ಕುಟುಂಬಗಳಿಗೆ ಗುಲಾಮರೇ ಇರಲಿಲ್ಲ. ಹಾಗಿದ್ದ ಮೇಲೆ ಅವರು ಯಾಕೆ ಇದರ ಪರ ನಿಂತರು, ಯಾಕೆ ಪ್ರಾಣ ಕೊಟ್ಟರು? ಕೆಲವರಿಗೆ ಮುಂದೆ ನಾವೂ ಗುಲಾಮರನ್ನು ಕೊಳ್ಳುತ್ತೇವೆ ಅನ್ನುವ ಆಸೆ. ಕೆಲವರಿಗೆ ಭಯ: 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಮುಂದಾಳತ್ವದಲ್ಲಿ ಗುಲಾಮರು ದಂಗೆ ಎದ್ದು ಸುಮಾರು 55 ಬಿಳಿಯರನ್ನು ಕೊಂದಿದ್ದರು. ಎಲ್ಲಕ್ಕಿಂತ ದೊಡ್ಡದು ಸ್ಥಾನಮಾನ. ನಾನು ಎಷ್ಟೇ ಬಡವನಾದರೂ ನನಗಿಂತ ಕೆಳಗೆ ಒಬ್ಬ ಇದ್ದಾನೆ ಅನ್ನುವ ಸಮಾಧಾನ. ಜಾತಿ ಕಂಡು ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ.

ಇನ್ನು ಬೇಡ ಅಂದವರ ಕಡೆ ಬರೋಣ. ಅಲ್ಲಿ ಒಂದಲ್ಲ, ಹಲವು ಗುಂಪುಗಳಿದ್ದವು.

ತುಂಬಾ ಗೌರವಸ್ಥರ ಗುಂಪು ಅಂದರೆ 1816ರಲ್ಲಿ ಹುಟ್ಟಿದ ಅಮೆರಿಕನ್ ಕಾಲೊನೈಸೇಷನ್ ಸೊಸೈಟಿ. ಹೆನ್ರಿ ಕ್ಲೇ ಅಂಥ ದೊಡ್ಡ ರಾಜಕಾರಣಿಗಳು ಅದರಲ್ಲಿದ್ದರು. ಸ್ವತಂತ್ರ ಕಪ್ಪು ಜನರನ್ನು ಆಫ್ರಿಕಾಕ್ಕೆ ಕಳಿಸಿಬಿಡೋಣ ಅನ್ನುವುದು ಅವರ ಯೋಜನೆ. ಲೈಬೀರಿಯಾ ದೇಶ ಹುಟ್ಟಿದ್ದು ಹೀಗೆ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ಕರುಣೆ ಇತ್ತು, ಇಲ್ಲಿ ಇವರಿಗೆ ನ್ಯಾಯ ಸಿಗಲ್ಲ ಅಂತ ನಂಬಿದ್ದರು. ಇನ್ನು ಕೆಲವರು ಗುಲಾಮರ ಒಡೆಯರು, ಸ್ವತಂತ್ರ ಕಪ್ಪು ಮನುಷ್ಯ ಕಣ್ಣಮುಂದೆ ಓಡಾಡಿದರೆ ನಮ್ಮ ಗುಲಾಮರು ಕೆಡುತ್ತಾರೆ ಅನ್ನುವ ಚಿಂತೆ ಅವರದು. ಆದರೆ ಯಾರನ್ನು ಕಳಿಸಬೇಕು ಅಂದುಕೊಂಡರೋ ಅವರನ್ನೇ ಕೇಳಿರಲಿಲ್ಲ. 1817ರ ಜನವರಿಯಲ್ಲಿ ಫಿಲಡೆಲ್ಫಿಯಾದ ಬೆತೆಲ್ ಚರ್ಚಿನಲ್ಲಿ ಸುಮಾರು 3,000 ಕಪ್ಪು ಜನ ಸೇರಿದರು. ವೇದಿಕೆ ಮೇಲಿದ್ದವರು ಹಡಗಿನ ಹಾಯಿ ಹೊಲಿಸಿ ಶ್ರೀಮಂತನಾಗಿದ್ದ ಜೇಮ್ಸ್ ಫೋರ್ಟನ್, ಪಾದ್ರಿ ರಿಚರ್ಡ್ ಆ್ಯಲನ್ ಮುಂತಾದ ನಾಯಕರು. ಅವರಿಗೇ ಆ ಯೋಜನೆಯ ಬಗ್ಗೆ ಸ್ವಲ್ಪ ಒಲವಿತ್ತು. ಒಪ್ಪುವವರು ಯಾರು ಅಂತ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ಬೇಡ ಅನ್ನುವವರು ಅಂದಾಗ ಗೋಡೆ ಬೀಳುತ್ತದೇನೋ ಅನ್ನುವ ಹಾಗೆ ಕೂಗಿದರಂತೆ. ಈ ದೇಶ ಕಟ್ಟಿದ್ದು ನಮ್ಮ ಬೆವರು, ನಾವು ಎಲ್ಲಿಗೆ ಹೋಗಬೇಕು? ನಾಯಕರು ಆ ಜನರಿಂದ ಕಲಿತು ತಮ್ಮ ನಿಲುವು ಬದಲಿಸಿಕೊಂಡರು.

ಈ ಕೂಗಿನಿಂದಲೇ ಮುಂದಿನ ಚಳವಳಿ ಬೆಳೆಯಿತು. 1829ರಲ್ಲಿ ಬಾಸ್ಟನ್‌ನ ಹಳೆ ಬಟ್ಟೆ ವ್ಯಾಪಾರಿ, ಕಪ್ಪು ಮನುಷ್ಯ ಡೇವಿಡ್ ವಾಕರ್ ಒಂದು ಕಿರುಹೊತ್ತಿಗೆ ಬರೆದು, ಗುಲಾಮರೇ ಎದ್ದು ನಿಲ್ಲಬೇಕು ಅಂದ. 1831ರ ಜನವರಿ 1ರಂದು ಬಿಳಿಯ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಅದೇ ಊರಿನಲ್ಲಿ ಲಿಬರೇಟರ್ ಅನ್ನುವ ಪತ್ರಿಕೆ ಶುರು ಮಾಡಿದ. ನಿಧಾನವಾಗಿ ಅಲ್ಲ, ಪರಿಹಾರ ಕೊಟ್ಟು ಅಲ್ಲ, ಆಫ್ರಿಕಾಕ್ಕೆ ಕಳಿಸಿ ಅಲ್ಲ, ಈಗಲೇ ಬಿಡಬೇಕು, ಇಲ್ಲೇ ಸಮಾನರಾಗಿ ಬದುಕಬೇಕು. ಅಬಾಲಿಷನಿಸ್ಟ್ ಅಂದರೆ ಹೀಗೆ ಹೇಳುವವರು. ಮೊದಲ ವರ್ಷಗಳಲ್ಲಿ ಆ ಪತ್ರಿಕೆಗೆ ಚಂದಾ ಕಟ್ಟಿ ಉಳಿಸಿದ್ದು ಹೆಚ್ಚಾಗಿ ಕಪ್ಪು ಓದುಗರು.

ಉತ್ತರದವರು ಇವರನ್ನು ಹೊತ್ತು ಮೆರೆಸಿದರಾ? ಇಲ್ಲ. 1835ರಲ್ಲಿ ಬಾಸ್ಟನ್‌ನಲ್ಲೇ ಗ್ಯಾರಿಸನ್‌ಗೆ ಹಗ್ಗ ಕಟ್ಟಿ ಬೀದಿಯಲ್ಲಿ ಎಳೆದರು. ಗುಂಪಿನಲ್ಲಿದ್ದವರು ಪುಂಡರಲ್ಲ, ಒಳ್ಳೆಯ ಬಟ್ಟೆ ಹಾಕಿದ ಆಸ್ತಿವಂತರು. ಪೊಲೀಸರು ಅವನನ್ನು ಜೈಲಿಗೆ ಹಾಕಿ ಪ್ರಾಣ ಉಳಿಸಿದರು. 1837ರಲ್ಲಿ ಇಲಿನಾಯ್ ರಾಜ್ಯದ ಆಲ್ಟನ್‌ನಲ್ಲಿ ಪತ್ರಕರ್ತ ಎಲೈಜಾ ಲವ್‌ಜಾಯ್‌ನನ್ನು ಗುಂಡಿಟ್ಟು ಕೊಂದರು. ಹಿಂದಿನ ಮುದ್ರಣ ಯಂತ್ರಗಳನ್ನೆಲ್ಲ ಗುಂಪು ಹಾಳುಮಾಡಿತ್ತು, ನಾಲ್ಕನೆಯದನ್ನು ಕಾಯುತ್ತಾ ಸತ್ತ. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ಅಬಾಲಿಷನಿಸ್ಟರು ದುಡ್ಡು ಕೂಡಿಸಿ ಒಂದು ಭವ್ಯ ಸಭಾಭವನ ಕಟ್ಟಿದರು. ಬಾಗಿಲು ತೆರೆದ ನಾಲ್ಕನೇ ದಿನ ಗುಂಪು ಅದನ್ನು ಸುಟ್ಟು ಹಾಕಿತು. ಬಿಳಿ ಹೆಂಗಸರು, ಕಪ್ಪು ಹೆಂಗಸರು ಒಟ್ಟಿಗೆ ಕೂತಿದ್ದರು ಅನ್ನುವುದನ್ನೇ ಆ ಗುಂಪಿಗೆ ಸಹಿಸಲಾಗಲಿಲ್ಲ. ಗುಲಾಮಗಿರಿಗೆ ವಿರುದ್ಧ ಬರುವ ಮನವಿಗಳನ್ನು ಚರ್ಚೆಗೇ ತೆಗೆದುಕೊಳ್ಳಬಾರದು ಅಂತ ಸಂಸತ್ತಿನ ಕೆಳಮನೆ 1836ರಿಂದ 1844ರವರೆಗೆ ಬಾಯಿಗೆ ಬೀಗ ಹಾಕುವ ನಿಯಮ ಇಟ್ಟುಕೊಂಡಿತ್ತು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆ್ಯಡಮ್ಸ್ ಮುದಿ ವಯಸ್ಸಿನಲ್ಲಿ ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ.

ಅಬಾಲಿಷನಿಸ್ಟರ ಒಳಗೂ ಜಗಳ ಕಡಿಮೆ ಇರಲಿಲ್ಲ. ದಕ್ಷಿಣ ಕ್ಯಾರೊಲಿನಾದ ಗುಲಾಮರ ಒಡೆಯರ ಮನೆಯಲ್ಲೇ ಹುಟ್ಟಿ, ಅದನ್ನು ಬಿಟ್ಟು ಬಂದ ಗ್ರಿಮ್ಕೆ ಅಕ್ಕತಂಗಿಯರು ಸಭೆಗಳಲ್ಲಿ ಮಾತಾಡಿದಾಗ ಹೆಂಗಸರು ವೇದಿಕೆ ಹತ್ತಬಾರದು ಅಂದವರು ಚಳವಳಿಯವರೇ. 1840ರಲ್ಲಿ ಈ ಪ್ರಶ್ನೆಗೂ, ರಾಜಕೀಯಕ್ಕೆ ಇಳಿಯಬೇಕಾ ಅನ್ನುವ ಪ್ರಶ್ನೆಗೂ ಸಂಘಟನೆ ಒಡೆಯಿತು. ಸಂವಿಧಾನವೇ ಗುಲಾಮಗಿರಿಯ ಜೊತೆ ಮಾಡಿಕೊಂಡ ಪಾಪದ ಕರಾರು ಅಂತ 1854ರಲ್ಲಿ ಗ್ಯಾರಿಸನ್ ಅದರ ಪ್ರತಿಯನ್ನು ಸಭೆಯಲ್ಲಿ ಸುಟ್ಟ. ಫ್ರೆಡರಿಕ್ ಡಗ್ಲಸ್ ಇದನ್ನು ಒಪ್ಪಲಿಲ್ಲ. ಡಗ್ಲಸ್ ಸ್ವತಃ ಗುಲಾಮನಾಗಿದ್ದು 1838ರಲ್ಲಿ ಬಾಲ್ಟಿಮೋರ್‌ನಿಂದ ತಪ್ಪಿಸಿಕೊಂಡು ಬಂದವನು. ಸಂವಿಧಾನದ ಮಾತನ್ನೇ ಹಿಡಿದು ಗುಲಾಮಗಿರಿಯನ್ನು ಹೊಡೆಯಬಹುದು ಅನ್ನುವುದು ಅವನ ವಾದ. ಗುರುವಿನಂತಿದ್ದ ಗ್ಯಾರಿಸನ್ ಜೊತೆ ಈ ವಿಷಯಕ್ಕೆ ಸಂಬಂಧವೇ ಕೆಟ್ಟಿತು.

ಸಾಮಾನ್ಯ ಜನ ಯಾವಾಗ ಬದಲಾದರು? ಭಾಷಣ ಕೇಳಿ ಬದಲಾದವರು ಸ್ವಲ್ಪ ಜನ. ತಮ್ಮ ಬೀದಿಗೇ ಬಂದಾಗ ಬದಲಾದವರು ಜಾಸ್ತಿ. 1850ರ ಕಾನೂನಿನ ಪ್ರಕಾರ ದಕ್ಷಿಣದಿಂದ ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದ ಪ್ರಜೆಗಳೂ ನೆರವಾಗಬೇಕಿತ್ತು. ಹಿಡಿದು ತಂದವನು ಗುಲಾಮ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವ ಅಧಿಕಾರಿಗೆ, ಹೌದು ಅಂದರೆ 10 ಡಾಲರ್, ಅಲ್ಲ ಅಂದರೆ 5 ಡಾಲರ್. ಹಿಡಿಸಿಕೊಂಡವನು ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಹಾಗಿಲ್ಲ. 1854ರಲ್ಲಿ ಬಾಸ್ಟನ್‌ನಲ್ಲಿ ಆ್ಯಂಟನಿ ಬರ್ನ್ಸ್ ಅನ್ನುವವನನ್ನು ಹೀಗೆ ಹಿಡಿದು, ಸೈನಿಕರ ಸಾಲಿನ ಮಧ್ಯೆ ಹಡಗಿಗೆ ನಡೆಸಿಕೊಂಡು ಹೋದರು. ಸುಮಾರು 50,000 ಜನ ಬೀದಿಯಲ್ಲಿ ನಿಂತು ನೋಡಿದರು. ಗಿರಣಿ ಮನೆತನದ ಏಮಸ್ ಲಾರೆನ್ಸ್ ಬರೆದಿದ್ದು: ರಾತ್ರಿ ಮಲಗುವಾಗ ರಾಜಿ ಮಾಡಿಕೊಂಡು ಹೋಗುವ ಹಳೇ ಕಾಲದ ಜನ ನಾವು, ಬೆಳಿಗ್ಗೆ ಏಳುವಾಗ ಹುಚ್ಚು ಹಿಡಿದ ಅಬಾಲಿಷನಿಸ್ಟರು. ಆ ಮನೆತನದ ದುಡ್ಡು ಬಂದಿದ್ದು ದಕ್ಷಿಣದ ಹತ್ತಿಯಿಂದ ಅನ್ನುವುದು ನೆನಪಿರಲಿ. ದೂರದಲ್ಲಿದ್ದಾಗ ಹತ್ತಿ ಬರೀ ಹತ್ತಿಯಾಗಿತ್ತು.

ಆದರೂ ಓಟಿನ ಲೆಕ್ಕದಲ್ಲಿ ದೊಡ್ಡದಾಗಿ ಬೆಳೆದದ್ದು ಅಬಾಲಿಷನಿಸ್ಟರ ಪಕ್ಷ ಅಲ್ಲ. 1840ರಲ್ಲಿ ಅವರ ಲಿಬರ್ಟಿ ಪಕ್ಷಕ್ಕೆ ಸುಮಾರು 7,000 ಓಟು ಬಂದಿತ್ತು, ಅಷ್ಟೇ. ಗೆದ್ದಿದ್ದು 'ಗುಲಾಮಗಿರಿ ಹರಡಬಾರದು' ಅನ್ನುವ ವಾದ. ಇರುವಲ್ಲಿ ಇರಲಿ, ಪಶ್ಚಿಮದ ಹೊಸ ನೆಲಕ್ಕೆ ಬರೋದು ಬೇಡ. 1846ರಲ್ಲಿ ಇದನ್ನೇ ಸಂಸತ್ತಿನಲ್ಲಿ ಪ್ರಸ್ತಾಪವಾಗಿ ತಂದ ಡೇವಿಡ್ ವಿಲ್ಮಟ್ ಇದು ಬಿಳಿ ಮನುಷ್ಯನಿಗಾಗಿ ಅಂತ ತಾನೇ ಹೇಳಿಕೊಂಡ. ಕೂಲಿಯಿಲ್ಲದೆ ದುಡಿಯುವ ಗುಲಾಮನ ಜೊತೆ ಬಿಳಿ ರೈತ, ಬಿಳಿ ಕೂಲಿಗಾರ ಹೇಗೆ ಪೈಪೋಟಿ ಮಾಡಬೇಕು ಅನ್ನುವುದು ಪ್ರಶ್ನೆ. ಆರೆಗಾನ್‌ನ ಓಟು ಈಗ ಅರ್ಥ ಆಗುತ್ತದೆ. ಅವರಿಗೆ ಗುಲಾಮಗಿರಿ ಒಂದು ಪೈಪೋಟಿ, ಕಪ್ಪು ಮನುಷ್ಯ ಇನ್ನೊಂದು. ಎರಡನ್ನೂ ಹೊರಗಿಟ್ಟರು. ಲಿಂಕನ್‌ನ ರಿಪಬ್ಲಿಕನ್ ಪಕ್ಷ 1854ರಲ್ಲಿ ಹುಟ್ಟಿದಾಗ ಅದರೊಳಗೆ ಈ ಜನರೂ ಇದ್ದರು, ನಿಜವಾದ ಅಬಾಲಿಷನಿಸ್ಟರೂ ಇದ್ದರು.

ಲಿಂಕನ್ ಬಗ್ಗೆ ಎರಡು ಅತಿ ಇದೆ. ದೇವರು ಅನ್ನುವವರು, ಮೋಸಗಾರ ಅನ್ನುವವರು. ಅವನ ಮಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ಬದಲಾಗುತ್ತಾ ಹೋದ ಒಬ್ಬ ಮನುಷ್ಯ ಕಾಣುತ್ತಾನೆ. ಗುಲಾಮಗಿರಿ ತಪ್ಪು ಅಂತ ಅವನು ಯಾವಾಗಲೂ ಹೇಳುತ್ತಿದ್ದ. ಆದರೆ 1858ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್‌ನ ಚುನಾವಣಾ ಸಭೆಯಲ್ಲಿ, ಬಿಳಿಯರು ಕಪ್ಪು ಜನರು ಸಾಮಾಜಿಕವಾಗಿ ರಾಜಕೀಯವಾಗಿ ಸಮ ಆಗುವುದಕ್ಕೆ ನಾನು ಯಾವತ್ತೂ ಪರ ಅಲ್ಲ ಅಂದ. 1862ರ ಆಗಸ್ಟ್ 14ರಂದು ಕಪ್ಪು ಜನರ ನಿಯೋಗವನ್ನು ಅಧ್ಯಕ್ಷರ ನಿವಾಸಕ್ಕೆ ಕರೆಸಿ, ನೀವು ಬೇರೆ ದೇಶಕ್ಕೆ ಹೋಗುವುದು ಇಬ್ಬರಿಗೂ ಒಳ್ಳೆಯದು ಅಂದ. ಒಂದು ವಾರದ ಮೇಲೆ ಪತ್ರಕರ್ತ ಗ್ರೀಲಿಗೆ ಬರೆದ ಕಾಗದದಲ್ಲಿ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ, ಅಂದರೆ ದಕ್ಷಿಣವೂ ಸೇರಿದ ಒಂದೇ ದೇಶ, ಉಳಿಯುವುದಾದರೆ ಹಾಗೇ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿದರೆ ಉಳಿಯುವುದಾದರೆ ಹಾಗೂ ಮಾಡುತ್ತೇನೆ ಅಂದ. ಇದನ್ನು ಬರೆಯುವಾಗ ಬಿಡುಗಡೆ ಘೋಷಣೆಯ ಕರಡು ಅವನ ಮೇಜಿನಲ್ಲಿತ್ತು. ಜುಲೈನಲ್ಲೇ ಮಂತ್ರಿಗಳಿಗೆ ಓದಿ ಹೇಳಿದ್ದ. 1863ರ ಜನವರಿ 1ರ ಆ ಘೋಷಣೆ ಒಕ್ಕೂಟ ಬಿಟ್ಟು ದಂಗೆ ಎದ್ದ ಪ್ರದೇಶಗಳಿಗೆ ಮಾತ್ರ ಅನ್ವಯ. ಒಕ್ಕೂಟದ ಜೊತೆ ಉಳಿದ ಕೆಂಟಕಿ, ಮೇರಿಲ್ಯಾಂಡ್, ಮಿಸೌರಿ, ಡೆಲವೇರ್‌ಗಳ ಗುಲಾಮರು ಅದರಲ್ಲಿ ಸೇರಿರಲಿಲ್ಲ.

ಅವನನ್ನು ಅಲ್ಲಿಗೆ ತಂದವರು ಯಾರು ಅಂದರೆ ಗುಲಾಮರೇ. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಫೋರ್ಟ್ ಮನ್ರೋ ಕೋಟೆಗೆ ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮ್ಯಾಲರಿ ಅನ್ನುವ ಮೂವರು ರಾತ್ರಿ ದೋಣಿಯಲ್ಲಿ ಬಂದರು. ಮರುದಿನ ಒಡೆಯನ ಕಡೆಯವನು ಬಂದು ವಾಪಸ್ ಕೊಡಿ ಅಂದ. ಇವರು ಆಸ್ತಿ ಅಂತ ನೀವೇ ಹೇಳುತ್ತೀರಿ, ಶತ್ರುವಿನ ಆಸ್ತಿಯನ್ನು ಯುದ್ಧದಲ್ಲಿ ವಶಪಡಿಸಿಕೊಳ್ಳಬಹುದು, ಕೊಡಲ್ಲ ಅಂದ ಜನರಲ್ ಬಟ್ಲರ್. ಸುದ್ದಿ ಹಬ್ಬಿತು. ಕೆಲವೇ ದಿನಗಳಲ್ಲಿ ಸಂಸಾರ ಸಮೇತ ಜನ ಬರತೊಡಗಿದರು. ಅವರ ಬೆನ್ನಿನ ಬಾಸುಂಡೆ ನೋಡಿದ, ಅವರ ಕಥೆ ಕೇಳಿದ ಎಷ್ಟೋ ಉತ್ತರದ ಸಿಪಾಯಿಗಳ ಮನಸ್ಸು ಅಲ್ಲೇ ತಿರುಗಿತು.

ಎಲ್ಲರದೂ ತಿರುಗಲಿಲ್ಲ. 1863ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಕಡ್ಡಾಯ ಸೈನ್ಯ ಭರ್ತಿಯ ವಿರುದ್ಧ ಗಲಭೆ ಆಯಿತು. 300 ಡಾಲರ್ ಕಟ್ಟಿದ ಶ್ರೀಮಂತ ಯುದ್ಧಕ್ಕೆ ಹೋಗಬೇಕಿರಲಿಲ್ಲ. ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಇಳಿದಿದ್ದು ಕಪ್ಪು ಜನರ ಮೇಲೆ. ಗುಲಾಮರು ಬಿಡುಗಡೆಯಾದರೆ ನಮ್ಮ ಕೂಲಿ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಬಡ ಐರಿಷ್ ಕೂಲಿಗಾರರಲ್ಲಿ ತುಂಬಿತ್ತು. ಕಪ್ಪು ಅನಾಥ ಮಕ್ಕಳ ಆಶ್ರಮಕ್ಕೆ ಬೆಂಕಿ ಇಟ್ಟರು. 200ಕ್ಕೂ ಹೆಚ್ಚು ಮಕ್ಕಳನ್ನು ಹಿಂದಿನ ಬಾಗಿಲಿನಿಂದ ಪಾರುಮಾಡಿದರು. ಅದೇ ಬೇಸಿಗೆ ಲಿಂಕನ್ ತನ್ನ ಟೀಕಾಕಾರರಿಗೆ ಬರೆದ: ಕರಿಯರ ಬಿಡುಗಡೆಗಾಗಿ ನಾವು ಹೋರಾಡಲ್ಲ ಅನ್ನುತ್ತೀರಿ, ಅವರಲ್ಲಿ ಕೆಲವರು ನಿಮಗಾಗಿ ಹೋರಾಡಲು ತಯಾರಿದ್ದಾರೆ. ಕೊನೆಗೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸೇನೆಯಲ್ಲಿ ಹೋರಾಡಿದರು. 1865ರ ಏಪ್ರಿಲ್ 11ರಂದು ಲಿಂಕನ್ ತನ್ನ ಕೊನೆಯ ಭಾಷಣದಲ್ಲಿ ಆ ಸೈನಿಕರಿಗೂ ಓದಿದ ಕಪ್ಪು ಜನರಿಗೂ ಓಟು ಸಿಗಲಿ ಅಂದ. ಗುಂಪಿನಲ್ಲಿ ನಿಂತು ಕೇಳಿಸಿಕೊಂಡ ಜಾನ್ ವಿಲ್ಕ್ಸ್ ಬೂತ್ ಮೂರು ದಿನದ ಮೇಲೆ ಅವನಿಗೆ ಗುಂಡು ಹೊಡೆದ.

ಗುಲಾಮಗಿರಿಯನ್ನು ದೇಶದ ತುಂಬ ಕೊನೆಗಾಣಿಸಿದ್ದು ಸಂವಿಧಾನದ 13ನೇ ತಿದ್ದುಪಡಿ. 1865ರ ಜನವರಿ 31ರಂದು ಕೆಳಮನೆಯಲ್ಲಿ 119-56 ಓಟಿನಲ್ಲಿ ಪಾಸಾಯಿತು, ಡಿಸೆಂಬರ್ 6ಕ್ಕೆ ಬೇಕಾದಷ್ಟು ರಾಜ್ಯಗಳು ಒಪ್ಪಿದವು. ಕೆಂಟಕಿ ಒಪ್ಪಿದ್ದು 1976ರಲ್ಲಿ, ಮಿಸಿಸಿಪ್ಪಿ 1995ರಲ್ಲಿ. ಆ ತಿದ್ದುಪಡಿಯಲ್ಲಿ ಒಂದು ಸಣ್ಣ ಸಂದು ಉಳಿದಿತ್ತು: ಅಪರಾಧಕ್ಕೆ ಶಿಕ್ಷೆಯಾಗಿ ಆದರೆ ಬಿಟ್ಟಿ ದುಡಿಸಬಹುದು. ದಕ್ಷಿಣದ ರಾಜ್ಯಗಳು ಕೂಡಲೇ ಕಾನೂನು ಮಾಡಿ, ಕೆಲಸವಿಲ್ಲದೆ ತಿರುಗುವ ಕಪ್ಪು ಮನುಷ್ಯನನ್ನು ಅಪರಾಧಿ ಅಂದವು. ಹಿಡಿದು, ದಂಡ ಹಾಕಿ, ಕಟ್ಟಲಾಗದಿದ್ದರೆ ತೋಟಕ್ಕೆ, ಗಣಿಗೆ ಬಾಡಿಗೆಗೆ ಕೊಟ್ಟವು. ಗುಲಾಮಗಿರಿ ಹೋದರೆ ಸಾಕು ಅಂದುಕೊಂಡಿದ್ದವರು ಉತ್ತರದಲ್ಲಿ ಮನೆಗೆ ಹೋಗಿ ಮಲಗಿದ್ದರು.

ಬಿಡುಗಡೆಯಾದವರಿಗೆ ಏನು ಬೇಕು ಅಂತ ಸರ್ಕಾರ ಕೂತು ಕೇಳಿದ ಒಂದು ಸಂದರ್ಭ ಇದೆ. 1865ರ ಜನವರಿ 12, ಜಾರ್ಜಿಯಾದ ಸವಾನಾ. ಜನರಲ್ ಶರ್ಮನ್ ಮತ್ತು ಯುದ್ಧ ಮಂತ್ರಿ ಸ್ಟ್ಯಾಂಟನ್ ಎದುರು ಇಪ್ಪತ್ತು ಕಪ್ಪು ಧರ್ಮಗುರುಗಳು. ಅವರ ಪರವಾಗಿ ಮಾತಾಡಿದ್ದು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ತನಗೂ ಹೆಂಡತಿಗೂ 1,000 ಡಾಲರ್ ಕೊಟ್ಟು ಬಿಡುಗಡೆ ಕೊಂಡುಕೊಂಡಿದ್ದವನು. ನಮಗೆ ನೆಲ ಕೊಡಿ, ನಮ್ಮ ದುಡಿಮೆಯಲ್ಲಿ ಉತ್ತು ಬದುಕುತ್ತೇವೆ ಅಂದ. ಬಿಳಿಯರ ಮಧ್ಯೆ ಇರುತ್ತೀರೋ ಬೇರೆ ಇರುತ್ತೀರೋ ಅಂದಾಗ, ಬೇರೆ ಇರುತ್ತೇವೆ, ಇಲ್ಲಿ ನಮ್ಮ ಮೇಲಿರುವ ಪೂರ್ವಗ್ರಹ ಹೋಗೋಕೆ ಎಷ್ಟೋ ವರ್ಷ ಬೇಕು ಅಂದ. ನಾಲ್ಕು ದಿನದಲ್ಲಿ ಶರ್ಮನ್ ಕರಾವಳಿಯ ನೆಲವನ್ನು ಕುಟುಂಬಕ್ಕೆ 40 ಎಕರೆವರೆಗೆ ಹಂಚುವ ಆದೇಶ ಹೊರಡಿಸಿದ. ಲಿಂಕನ್ ಸತ್ತ ಮೇಲೆ ಬಂದ ಅಧ್ಯಕ್ಷ ಆ್ಯಂಡ್ರೂ ಜಾನ್ಸನ್ ಆ ವರ್ಷ ಮುಗಿಯುವುದರೊಳಗೆ ಅದರಲ್ಲಿ ಹೆಚ್ಚಿನದನ್ನು ಹಳೆಯ ಒಡೆಯರಿಗೇ ವಾಪಸ್ ಕೊಡಿಸಿದ.

ಮಾತು ತಿರುಚುವ ಕೆಲಸವೂ ಆಗಲೇ ಶುರುವಾಯಿತು. 1861ರ ಮಾರ್ಚ್‌ನಲ್ಲಿ ದಕ್ಷಿಣದ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಕಪ್ಪು ಮನುಷ್ಯ ಬಿಳಿಯನಿಗೆ ಸಮ ಅಲ್ಲ ಅನ್ನುವುದೇ ನಮ್ಮ ಸರ್ಕಾರದ ಮೂಲೆಗಲ್ಲು ಅಂದಿದ್ದ. ಯುದ್ಧ ಸೋತ ಮೇಲೆ ಅವನೇ ದಪ್ಪ ಸಂಪುಟಗಳನ್ನು ಬರೆದು, ಜಗಳ ಇದ್ದಿದ್ದು ರಾಜ್ಯಗಳ ಹಕ್ಕಿನ ಬಗ್ಗೆ ಅಂದ. ಇವತ್ತಿಗೂ ಹಾಗೆ ಹೇಳುವವರಿದ್ದಾರೆ. ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳ ಮೇಲೆ ಒತ್ತಡ ಹೇರಿದ್ದು ಇದೇ ದಕ್ಷಿಣ ಅನ್ನುವುದನ್ನು ಅವರಿಗೆ ನೆನಪಿಸಬೇಕು.

1873ರಲ್ಲಿ ಪುಣೆಯ ಜ್ಯೋತಿರಾವ್ ಫುಲೆ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಒಳ್ಳೆಯ ಜನರಿಗೆ ಅರ್ಪಿಸಿದರು. ಗುಲಾಮರ ಬಿಡುಗಡೆಗಾಗಿ ಅವರು ಸ್ವಾರ್ಥವಿಲ್ಲದೆ ಮಾಡಿದ ತ್ಯಾಗವನ್ನು ಮೆಚ್ಚಿ, ನನ್ನ ದೇಶದವರೂ ಶೂದ್ರ ಸೋದರರನ್ನು ಹೀಗೇ ಬಿಡಿಸಲಿ ಅಂತ ಬರೆದರು. ಅಂಥ ಜನ ಅಮೆರಿಕದಲ್ಲಿ ನಿಜವಾಗಿಯೂ ಇದ್ದರು. ಆಲ್ಟನ್‌ನಲ್ಲಿ ಸತ್ತವನು ಅಂಥವನು. ಬೆತೆಲ್ ಚರ್ಚಿನಲ್ಲಿ ಕೂಗಿದವರು ಇನ್ನೂ ದೊಡ್ಡವರು. ಫುಲೆಯವರ ಅರ್ಪಣೆ ಸೇರಬೇಕಾದ್ದು ಮೊದಲು ಅವರಿಗೆ ಅಂತ ನನಗೆ ಅನ್ನಿಸುತ್ತದೆ.

ಅದಕ್ಕೂ ಎಂಟು ವರ್ಷ ಮೊದಲು, 1865ರ ಆಗಸ್ಟ್‌ನಲ್ಲಿ, ಒಹಾಯೊದ ಡೇಟನ್ ಊರಿನಿಂದ ಜೋರ್ಡನ್ ಆ್ಯಂಡರ್ಸನ್ ಅನ್ನುವವನು ಒಂದು ಕಾಗದ ಹೇಳಿ ಬರೆಸಿದ. ಟೆನೆಸಿಯಲ್ಲಿದ್ದ ಅವನ ಹಳೆಯ ಒಡೆಯ, ವಾಪಸ್ ಬಂದು ಕೆಲಸ ಮಾಡು, ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದ. ಜೋರ್ಡನ್ ಉತ್ತರ ಕೊಟ್ಟ. ನನಗೆ ಇಲ್ಲಿ ತಿಂಗಳಿಗೆ 25 ಡಾಲರ್ ಬರುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆ, ಜನ ನನ್ನ ಹೆಂಡತಿಯನ್ನು ಮಿಸೆಸ್ ಆ್ಯಂಡರ್ಸನ್ ಅಂತ ಕರೆಯುತ್ತಾರೆ. ನಿಮ್ಮ ಮಾತು ನಂಬಬೇಕಾದರೆ ಹಳೇ ಬಾಕಿ ಕೊಡಿ. ನಾನು 32 ವರ್ಷ ದುಡಿದೆ, ಹೆಂಡತಿ ಮ್ಯಾಂಡಿ 20 ವರ್ಷ. ನನಗೆ ತಿಂಗಳಿಗೆ 25 ಡಾಲರ್, ಅವಳಿಗೆ ವಾರಕ್ಕೆ 2 ಡಾಲರ್ ಅಂದರೆ ಒಟ್ಟು 11,680 ಡಾಲರ್. ಬಡ್ಡಿ ಸೇರಿಸಿ, ನಮಗೆ ಕೊಡಿಸಿದ ಬಟ್ಟೆಯ ಖರ್ಚು, ಡಾಕ್ಟರ ಖರ್ಚು ಕಳೆಯಿರಿ. ಅಲ್ಲಿ ನನ್ನ ಹೆಣ್ಣುಮಕ್ಕಳು ಸುರಕ್ಷಿತವಾಗಿರುತ್ತಾರಾ, ಕಪ್ಪು ಮಕ್ಕಳಿಗೆ ಶಾಲೆ ಇದೆಯಾ, ಅದನ್ನೂ ತಿಳಿಸಿ. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ: ಜಾರ್ಜ್ ಕಾರ್ಟರ್‌ಗೆ ನಮಸ್ಕಾರ ಹೇಳಿ, ನೀವು ನನ್ನ ಮೇಲೆ ಗುಂಡು ಹಾರಿಸುತ್ತಿದ್ದಾಗ ನಿಮ್ಮ ಕೈಯಿಂದ ಪಿಸ್ತೂಲು ಕಿತ್ತುಕೊಂಡಿದ್ದಕ್ಕೆ ನಾನು ಥ್ಯಾಂಕ್ಸ್ ಹೇಳಿದೆ ಅಂತ ತಿಳಿಸಿ.